ಒತ್ತಕ್ಷರಕ್ಕೆ ಸ್ವಲ್ಪ ಜಾಗ ಬಿಡಿ ಮಾರಾಯ್ರೆ

ಕಳೆದ ವರ್ಷ ನಮ್ಮ ಸಂಘದ ಸುವರ್ಣ ಮಹೋತ್ಸವ ಆಯ್ತು. ಮುಂಬಯಿಯಲ್ಲಿ ಇರುವವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಸಂಘ ಅಂದ ಮೇಲೆ ಮಹೋತ್ಸವ, ಮಹೋತ್ಸವ ಅಂದ ಮೇಲೆ ಸ್ಮರಣ ಸಂಚಿಕೆ, ಸ್ಮರಣ ಸಂಚಿಕೆ ಅಂದ ಮೇಲೆ ಹೋಟೆಲಿನವರ ಜಾಹೀರಾತು. ಸಂಚಿಕೆಯ ಸಮಿತಿಯಲ್ಲಿ ನಾನೂ ಇದ್ದೆ. ಪ್ರೂಫ್ ನೋಡುವ ಕೆಲಸ ನನ್ನದು. ನೋಡಿದೆ ಕೂಡ... ಸಂಜೆಯ ಲೋಕಲ್‌ನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಮೊಬೈಲು. ಪಿಡಿಎಫ್ ಓಡಿಸಿ ಓಡಿಸಿ ನೋಡಿ "ಓಕೆ" ಅಂತ ಮೆಸೇಜು ಹಾಕಿಬಿಟ್ಟೆ.

ಸಂಚಿಕೆ ಅಚ್ಚಾಗಿ ಬಂತು. ಮೂರನೇ ಪುಟದಲ್ಲಿ ಸಂಘ ಕಟ್ಟಿದ ಹಿರಿಯರ ಫೋಟೋ. ಕೆಳಗೆ "ಸ್ವರ್ಗೀಯ" ಅಂತ ಇರಬೇಕಾದ ಕಡೆ "ಸ್ವಗೀರ್ಯ". "ಸಂಸ್ಥಾಪಕ" ಇರಬೇಕಾದ ಕಡೆ "ಸಂಸಾ್ಥಪಕ". ಅವರ ಹೆಸರಿನಲ್ಲೂ ಒಂದು ಅರ್ಕಾವತ್ತು ಇತ್ತು. ಅದು ಹಾರಿ ಹೋಗಿ ಮುಂದಿನ ಅಕ್ಷರದ ಬೆನ್ನಿಗೆ ಅಂಟಿಕೊಂಡಿತ್ತು.

ಅವರ ಹೆಂಡತಿಗೆ ಈಗ ಎಂಬತ್ತಮೂರು. ಮುಲುಂಡಿನಲ್ಲಿ ಮಗನ ಮನೆಯಲ್ಲಿದ್ದಾರೆ. ಸಂಚಿಕೆ ಕೊಡಲಿಕ್ಕೆ ನಾನೇ ಹೋಗಿದ್ದೆ. ತಪ್ಪು ಆಗ ಇನ್ನೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಅನ್ನುವುದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ. ಅವರು ಕನ್ನಡಕ ಹಾಕಿಕೊಂಡು, ಮೂರನೇ ಪುಟ ತೆಗೆದು, ಅಕ್ಷರದ ಕೆಳಗೆ ಬೆರಳಿಟ್ಟು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಬೆರಳು ತೆಗೆಯದೆಯೇ ಕೇಳಿದರು, "ಇದು ಇವರದ್ದೇ ಹೆಸರಾ ಮಗ?"

ಫೋಟೋ ಅವರದ್ದೇ. ಆದರೆ ಅಕ್ಷರವನ್ನು ನಂಬುವ ತಲೆಮಾರು ಅದು. ಫೋಟೋ ನೋಡಿದರೂ ಹೆಸರು ಹೊಂದದಿದ್ದರೆ ಅನುಮಾನ ಬರುತ್ತದೆ.

ಸಮಿತಿಯಲ್ಲಿ ವಿಷಯ ತೆಗೆದೆ. "ಫಾಂಟ್ ಪ್ರಾಬ್ಲೆಮ್ ಮಾರಾಯ್ರೆ, ಎಂತ ಮಾಡ್ಲಿಕ್ಕೆ ಆಗ್ತದೆ?" ಅಂದರು. ಮಳೆ ಬಂತು, ಟ್ರೈನ್ ಲೇಟಾಯ್ತು ಅನ್ನುವ ಧಾಟಿಯಲ್ಲಿ. ನನ್ನ ಜಗಳ ಇರುವುದು ಈ ಮಾತಿನ ಜೊತೆ. ಫಾಂಟ್ ಪ್ರಾಬ್ಲೆಮ್ ಅನ್ನುವುದು ಆಕಾಶದಿಂದ ಬಿದ್ದದ್ದಲ್ಲ. ಯಾರೋ ಮಾಡಿದ್ದು, ಯಾರೋ ನೋಡದೆ ಬಿಟ್ಟದ್ದು. ಇಲ್ಲಿ ನೋಡದೆ ಬಿಟ್ಟವನು ನಾನು.

ಆದದ್ದು ಇಷ್ಟೇ. ಡಿಟಿಪಿಯವರ ಹತ್ತಿರ ಇದ್ದದ್ದು ಹಳೆಯ ನಮೂನೆಯ ಫೈಲು, ನಾವು ಕೆಲವರು ಕಳಿಸಿದ್ದು ಯೂನಿಕೋಡ್. ಎರಡನ್ನೂ ಒಂದಕ್ಕೊಂದು ಬದಲಿಸುವಾಗ ಎಡವಟ್ಟಾಯ್ತು. ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರ ಅಂತ ಒಂದು ಇರಲೇ ಇಲ್ಲ, ಇದ್ದದ್ದು ಅಕ್ಷರದ ಚಿತ್ರದ ತುಂಡುಗಳು. ಇಂಗ್ಲಿಷಿಗೆ ಅಂತ ಮಾಡಿದ ಖಾನೆಗಳಲ್ಲಿ ಒಂದೊಂದು ತುಂಡು ಇಟ್ಟು, ಕಣ್ಣಿಗೆ ಕಾಣುವ ಕ್ರಮದಲ್ಲಿ ಜೋಡಿಸುತ್ತಿದ್ದರು. ಅರ್ಕಾವತ್ತು ಕಣ್ಣಿಗೆ ಕಾಣುವುದು ಅಕ್ಷರದ ನಂತರ, ಆದ್ದರಿಂದ ಅದನ್ನು ಇಡುವುದೂ ನಂತರ. ಯೂನಿಕೋಡಿನಲ್ಲಿ ಬಾಯಿಯ ಕ್ರಮ: ಮೊದಲು ರ್, ಆಮೇಲೆ ಯ. ಬದಲಿಸುವ ತಂತ್ರಾಂಶಕ್ಕೆ ಈ ಬುದ್ಧಿ ಇಲ್ಲದಿದ್ದರೆ ಕಾರ್ಯಕ್ರಮ "ಕಾಯರ್ಕ್ರಮ" ಆಗುತ್ತದೆ. ನೀವೂ ಆಮಂತ್ರಣ ಪತ್ರಿಕೆಗಳಲ್ಲಿ ಕಾಯರ್ಕ್ರಮಗಳನ್ನು ಬೇಕಾದಷ್ಟು ನೋಡಿರಬಹುದು. ಕೆಲವಕ್ಕೆ ಹೋಗಿ ಊಟವನ್ನೂ ಮಾಡಿರಬಹುದು.

ಆ ಹಳೆಯ ಫಾಂಟುಗಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ "ಬರಹ" ಬಂದಾಗ, ನಂತರ ಕನ್ನಡ ಗಣಕ ಪರಿಷತ್ತಿನ "ನುಡಿ" ಬಂದಾಗ ಊರು ಬಿಟ್ಟ ನಮಗೆ ಆದ ಖುಷಿ ಎಂಥದ್ದು ಅಂತ ಊರಲ್ಲೇ ಇದ್ದವರಿಗೆ ಹೇಳಿದರೆ ಅರ್ಥವಾಗಲಿಕ್ಕಿಲ್ಲ. ಸೈಬರ್ ಕೆಫೆಯಲ್ಲಿ ಗಂಟೆಗೆ ದುಡ್ಡು ಕೊಟ್ಟು ಊರಿನ ಪೇಪರು ತೆರೆದರೆ ಮೊದಲು ಬರೀ ವಿಚಿತ್ರ ಚಿಹ್ನೆಗಳು. ಆ ಪತ್ರಿಕೆಯದ್ದೇ ಫಾಂಟು ಇಳಿಸಿಕೊಳ್ಳಬೇಕು, ಇನ್ನೊಂದು ಪತ್ರಿಕೆಗೆ ಇನ್ನೊಂದು. ಕೆಫೆಯ ಗುಜರಾತಿ ಹುಡುಗ "ಕ್ಯಾ ಅಂಕಲ್, ಫಿರ್ ಸೆ?" ಅಂತ ನಗುತ್ತಿದ್ದ. ಅಷ್ಟೆಲ್ಲ ಆಗಿ ಕೊನೆಗೆ ಪರದೆಯ ಮೇಲೆ ಉರುಟು ಉರುಟಾಗಿ ಕನ್ನಡ ಮೂಡಿತೆಂದರೆ... ಇರಲಿ. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಆದರೆ ಪೇಜ್‌ಮೇಕರ್‌ನಂಥ ತಂತ್ರಾಂಶಗಳಿಗೆ ಅದು ಅರ್ಥವೇ ಆಗುತ್ತಿರಲಿಲ್ಲ. ಹಾಗಾಗಿ ಡಿಟಿಪಿ ಅಂಗಡಿಯವರು ತಮಗೆ ಗೊತ್ತಿದ್ದ ದಾರಿಯಲ್ಲೇ ಉಳಿದರು. ಪುಟಕ್ಕೆ ಇಷ್ಟು ಅಂತ ಚಿಲ್ಲರೆ ಕಾಸು ಕೊಟ್ಟು, ನಾಳೆಯೇ ಬೇಕು ಅನ್ನುವ ನಮ್ಮಂಥ ಗಿರಾಕಿಗಳಿಗಾಗಿ ಅವರು ಯಾಕೆ ಹೊಸದು ಕಲಿಯಬೇಕು ಹೇಳಿ.

ಒಂದು ತಮಾಷೆ ನೋಡಿ. ಕನ್ನಡದ ಮೊದಲ ಪತ್ರಿಕೆ ಅಂತ ನಾವು ಹೆಮ್ಮೆ ಪಡುವ "ಮಂಗಳೂರ ಸಮಾಚಾರ" 1843ರಲ್ಲಿ ಬಂದದ್ದು ಕಲ್ಲಚ್ಚಿನಲ್ಲಿ. ಅಂದರೆ ಅದು ಕೈಬರಹವೇ. ಅಲ್ಲಿ ಅರ್ಕಾವತ್ತು ಹಾರಿ ಹೋಗುವ ಮಾತೇ ಇಲ್ಲ, ಒತ್ತಕ್ಷರಕ್ಕೆ ಬೇಕಾದಷ್ಟು ಜಾಗ ಬರೆಯುವವನೇ ಬಿಡುತ್ತಾನೆ. ಮರುವರ್ಷ ಅದು ಬಳ್ಳಾರಿಗೆ ಹೋಗಿ "ಕನ್ನಡ ಸಮಾಚಾರ" ಆದದ್ದು, ಅಲ್ಲಿ ಅಚ್ಚುಮೊಳೆ ಇತ್ತು ಅನ್ನುವ ಕಾರಣಕ್ಕೆ. ಅಚ್ಚುಮೊಳೆಯಲ್ಲೂ ಕಷ್ಟ ಕಮ್ಮಿ ಇರಲಿಲ್ಲ. ನಾನು ಮುಂಬಯಿಗೆ ಬಂದ ಹೊಸತರಲ್ಲಿ ಗಿರ್ಗಾಂವಿನ ಗಲ್ಲಿಯೊಂದರ ಪ್ರೆಸ್ಸಿನಲ್ಲಿ ಕನ್ನಡ ಮೊಳೆ ಜೋಡಿಸುವುದನ್ನು ನೋಡಿದ್ದೇನೆ. ಇಂಗ್ಲಿಷಿನವನು ಕೂತಲ್ಲೇ ಕೈ ಚಾಚಿದರೆ ಅವನ ಅಕ್ಷರವೆಲ್ಲ ಸಿಗುತ್ತಿತ್ತು. ನಮ್ಮವನಿಗೆ ಗೋಡೆಯುದ್ದ ಖಾನೆಗಳು, ಒತ್ತುಗಳಿಗೆ ಬೇರೆಯೇ ಖಾನೆ. ಮೂವತ್ತನಾಲ್ಕು ವ್ಯಂಜನ, ಪ್ರತಿಯೊಂದಕ್ಕೂ ಕಾಗುಣಿತ, ಪ್ರತಿಯೊಂದಕ್ಕೂ ಒತ್ತು. ಅವನು "ಸ್ತ್ರೀ" ಜೋಡಿಸುವಷ್ಟರಲ್ಲಿ ಪಕ್ಕದವನ ಅರ್ಧ ಸಾಲು ಮುಗಿದಿರುತ್ತಿತ್ತು. ಆದರೂ ಅವನ ಕೈಯಲ್ಲಿ ಸ್ವರ್ಗೀಯರು "ಸ್ವಗೀರ್ಯ" ಆದದ್ದನ್ನು ನಾನು ನೋಡಲಿಲ್ಲ. ಯಾಕಂದರೆ ಅವನು ಓದುತ್ತಿದ್ದ.

ಈಗ ಶೀರ್ಷಿಕೆಯ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷ್ ಅಕ್ಷರ ನೆಲದ ಮೇಲೆ ನಿಲ್ಲುತ್ತದೆ, ಒಂದೆರಡು ಮಾತ್ರ ಸ್ವಲ್ಪ ಕಾಲು ಇಳಿಬಿಡುತ್ತವೆ. ಮರಾಠಿಯ ದೇವನಾಗರಿ ಮೇಲಿನ ಗೆರೆಯಿಂದ ಬಟ್ಟೆ ಒಣಗಲು ಹಾಕಿದ ಹಾಗೆ ನೇತಾಡುತ್ತದೆ. ಕನ್ನಡಕ್ಕೆ ನೆಲಮಾಳಿಗೆ ಉಂಟು. ಮನೆಯ ಅರ್ಧ ಸಂಸಾರ ಕೆಳಗಡೆಯೇ ನಡೆಯುತ್ತದೆ. "ರಾಷ್ಟ್ರ" ಅನ್ನುವ ಶಬ್ದ ತೆಗೆದುಕೊಳ್ಳಿ, ಷಕಾರದ ಕೆಳಗೆ ಟ, ಅದರ ಜೊತೆಗೆ ರ. ಇಂಗ್ಲಿಷಿನ ಅಳತೆಗೆ ಮಾಡಿದ ಚೌಕಟ್ಟಿನಲ್ಲಿ ಇದನ್ನು ತುರುಕಿದರೆ ಎರಡೇ ದಾರಿ. ಒಂದೋ ಕೆಳಗಿನದ್ದು ಕತ್ತರಿಸಿ ಹೋಗುತ್ತದೆ, ಇಲ್ಲವೋ ಒಟ್ಟು ಅಕ್ಷರವನ್ನೇ ಕುಗ್ಗಿಸಬೇಕಾಗುತ್ತದೆ. ಮೊಬೈಲಿನ ಬಟನ್‌ಗಳಲ್ಲಿ ಕನ್ನಡ ಹಾಕಿ ನೋಡಿದವರಿಗೆ ಗೊತ್ತು, ಒತ್ತಕ್ಷರದ ತಲೆ ಮಾತ್ರ ಕಾಣುತ್ತದೆ, ಕಾಲು ಇಲ್ಲ. ಅಂಗಡಿಯ ಫ್ಲೆಕ್ಸ್ ಮಾಡುವವನೂ ಅಷ್ಟೇ. ಮೂರು ಭಾಷೆಗೆ ಮೂರು ಸಮಾನ ಪಟ್ಟಿ ಎಳೆಯುತ್ತಾನೆ. ಸಮಾನತೆ ಅಂದರೆ ಸಮಾನ ಪಟ್ಟಿ ಅಂತ ಅವನ ಲೆಕ್ಕ. ಕನ್ನಡದ ಪಟ್ಟಿಯಲ್ಲಿ ಅಕ್ಷರಗಳು ವಿರಾರ್ ಫಾಸ್ಟಿನ ಪ್ರಯಾಣಿಕರ ಹಾಗೆ ನಿಂತಿರುತ್ತವೆ.

ಬೋರ್ಡಿನ ಗಾತ್ರದ ಬಗ್ಗೆ ನಮ್ಮಲ್ಲಿ ಆಗುವಷ್ಟು ಹೋರಾಟ ಅದರ ರೂಪದ ಬಗ್ಗೆ ಆಗುವುದೇ ಇಲ್ಲ. ಮಹಾರಾಷ್ಟ್ರದಲ್ಲಿ 2022ರ ತಿದ್ದುಪಡಿಯ ಪ್ರಕಾರ ಅಂಗಡಿಗಳ ಬೋರ್ಡಿನಲ್ಲಿ ಮರಾಠಿ ಇರಲೇಬೇಕು, ಬೇರೆ ಭಾಷೆಯ ಅಕ್ಷರ ಅದಕ್ಕಿಂತ ದೊಡ್ಡದಿರಬಾರದು. ಕರ್ನಾಟಕದಲ್ಲಿ 2024ರ ತಿದ್ದುಪಡಿಯ ಪ್ರಕಾರ ಬೋರ್ಡಿನ ಶೇಕಡ 60 ಭಾಗ ಕನ್ನಡ. ಎರಡೂ ನ್ಯಾಯವೇ, ಇಲ್ಲಿ ಅನ್ನ ತಿನ್ನುವ ನಾನು ಇಲ್ಲಿನದನ್ನು ತಕರಾರಿಲ್ಲದೆ ಒಪ್ಪುತ್ತೇನೆ. ಆದರೆ ಟೇಪು ಹಿಡಿದು ಅಳೆಯಬಹುದಾದದ್ದು ಗಾತ್ರ ಮಾತ್ರ. ಶೇಕಡ 60 ಜಾಗದಲ್ಲಿ ಓದಲಾಗದ ಕನ್ನಡ ಬರೆದರೂ ಕಾನೂನು ಪಾಲಿಸಿದಂತೆಯೇ. ಮುಂಬಯಿಯ ನಮ್ಮ ಎಷ್ಟೋ ಹೋಟೆಲಿನವರು ಬೋರ್ಡು ಬದಲಿಸುವಾಗ ಮೂಲೆಯಲ್ಲಿದ್ದ ಕನ್ನಡದ ಒಂದು ಸಾಲನ್ನೂ ತೆಗೆದುಬಿಟ್ಟರು. ಕಾನೂನು ತೆಗೆಯಲು ಹೇಳಿರಲಿಲ್ಲ, ಚಿಕ್ಕದಾಗಿ ಇರಲಿಕ್ಕೆ ಅಡ್ಡಿ ಇರಲಿಲ್ಲ. ಕೇಳಿದರೆ "ಕಂಪ್ಯೂಟರಿನಲ್ಲಿ ಕನ್ನಡ ಸರಿ ಬರುವುದಿಲ್ಲ ಅಂತ ಬೋರ್ಡಿನವ ಹೇಳಿದ" ಅನ್ನುತ್ತಾರೆ. ಮತ್ತೆ ಫಾಂಟ್ ಪ್ರಾಬ್ಲೆಮ್!

ಕಂಪ್ಯೂಟರಿನಲ್ಲಿ ಕನ್ನಡ ಸರಿ ಬರುವಂತೆ ಮಾಡಿದ ಕೆಲಸದಲ್ಲಿ ಒಂದು ದೊಡ್ಡ ಪಾಲು ಇದೇ ಮುಂಬಯಿಯಲ್ಲಿ ನಡೆದದ್ದು ಅನ್ನುವುದು ನಮ್ಮವರಿಗೆ ಗೊತ್ತೇ ಇಲ್ಲ. ವಿಂಡೋಸ್ ಎಕ್ಸ್‌ಪಿಯ ಜೊತೆ ಬಂದ "ತುಂಗಾ" ಫಾಂಟು ನೆನಪಿದೆಯಾ? ಯೂನಿಕೋಡ್ ಕನ್ನಡವನ್ನು ನಮ್ಮಲ್ಲಿ ಹೆಚ್ಚಿನವರು ಮೊದಲು ಕಂಡದ್ದು ಅದರಲ್ಲಿ. ಹೆಸರು ನಮ್ಮ ಹೊಳೆಯದ್ದು, ಕೆಲಸ ನಡೆದದ್ದು ಆರ್.ಕೆ. ಜೋಶಿ ಅವರ ನಿರ್ದೇಶನದಲ್ಲಿ. ಜಾಹೀರಾತು ಕ್ಷೇತ್ರದಿಂದ ಬಂದು ಪವಾಯಿಯ ಐಐಟಿಯ ಐಡಿಸಿಯಲ್ಲಿ ಕಲಿಸಿದ ಮರಾಠಿ ಕ್ಯಾಲಿಗ್ರಾಫರ್ ಅವರು, ಹಿಂದಿಯ "ಮಂಗಲ್" ಕೂಡ ಅವರದ್ದೇ. 2008ರಲ್ಲಿ ತೀರಿಕೊಂಡರು. ನಾವು ಬೆರಳಲ್ಲಿ ಕುಟ್ಟುವ ಕೀಲಿಮಣೆಯ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ಕಿನ್ನಿಕಂಬಳದವರು, ನಮ್ಮ ಕಡೆಯವರು. ಅವರೂ ವರ್ಷಗಟ್ಟಲೆ ಮುಂಬಯಿಯಲ್ಲಿ ದುಡಿದವರು. ನಾವು ಸಂಘಗಳಲ್ಲಿ ಯಾರ್ಯಾರಿಗೋ ಶಾಲು ಹೊದಿಸಿದೆವು. ಜೋಶಿಯವರಿಗೆ ಯಾವ ಕನ್ನಡ ಸಂಘವಾದರೂ ಒಂದು ಹಾರ ಹಾಕಿದ್ದನ್ನು ನಾನು ಕೇಳಿಲ್ಲ.

ಈಗಲೂ ಅಷ್ಟೇ. ಇದೇ ಊರಿನಲ್ಲಿ ಏಕ್ ಟೈಪ್ ಅಂತ ಒಂದು ಗುಂಪು ಇದೆ. ಅವರು ಮಾಡಿದ "ಬಾಲೂ" ಅನ್ನುವ ಅಕ್ಷರಶೈಲಿಯನ್ನು ನೀವು ಹೆಸರು ಗೊತ್ತಿಲ್ಲದೆಯೇ ಹತ್ತಾರು ಕಡೆ ನೋಡಿರುತ್ತೀರಿ, ದಪ್ಪಗೆ, ಉರುಟಾಗಿ, ತಿಂದುಂಡು ಬೆಳೆದ ಮಗುವಿನ ಹಾಗೆ. ಒಂದೊಂದು ಲಿಪಿಗೆ ಅವರು ಇಟ್ಟ ಹೆಸರು ಕೇಳಿದರೆ ನಗು ಬರುತ್ತದೆ: ಗುಜರಾತಿಗೆ ಬಾಲೂ ಭಾಯಿ, ಬಂಗಾಳಿಗೆ ಬಾಲೂ ದಾ, ಮಲಯಾಳಕ್ಕೆ ಬಾಲೂ ಚೇಟ್ಟನ್, ಗುರುಮುಖಿಗೆ ಬಾಲೂ ಪಾಜಿ. ನಮ್ಮದಕ್ಕೆ ಬಾಲೂ ತಮ್ಮ! ಉಳಿದವರೆಲ್ಲ ಅಣ್ಣಂದಿರು, ನಾವೂ ತಮಿಳು ತೆಲುಗಿನವರೂ ತಮ್ಮಂದಿರು. ಇದಕ್ಕೆ ಒಂದು ಪ್ರತಿಭಟನೆ ಮಾಡಬಹುದಿತ್ತು, ಆದರೆ ತಮ್ಮ ಅಂದರೆ ಪ್ರೀತಿ ಜಾಸ್ತಿ ಅಲ್ಲವಾ, ಬಿಟ್ಟುಬಿಡೋಣ. 2022ರಲ್ಲಿ ಇದೇ ಗುಂಪು "ಅನೇಕ್" ಅಂತ ಇನ್ನೊಂದು ಮಾಡಿತು. ಅದರಲ್ಲಿ ಒಂದೇ ಅಕ್ಷರವನ್ನು ಸಪೂರದಿಂದ ದಪ್ಪಕ್ಕೆ, ಇಕ್ಕಟ್ಟಿನಿಂದ ಅಗಲಕ್ಕೆ ಎಳೆಯಬಹುದು. ಪುಸ್ತಕದ ಪುಟಕ್ಕೆ ಇವೆಲ್ಲ ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ನನಗೆ ಇಷ್ಟ ಟೀರೋ ಕನ್ನಡ. ಫಿಯೋನಾ ರಾಸ್ ಮತ್ತು ಜಾನ್ ಹಡ್ಸನ್ ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಿಗಾಗಿ ಮಾಡಿದ ಕನ್ನಡದಿಂದ ಬಂದದ್ದು ಅದು. ರಾಘವಾಂಕನ ಹರಿಶ್ಚಂದ್ರ ಕಾವ್ಯ ಆ ಮಾಲೆಯಲ್ಲಿ 2017ರಲ್ಲಿ ಬಂತು, ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಇಂಗ್ಲಿಷ್. ಆ ಎಡಪುಟದಲ್ಲಿ ಸಾಲಿನಿಂದ ಸಾಲಿಗೆ ಬಿಟ್ಟ ಜಾಗ ನೋಡಿ. ಒತ್ತಕ್ಷರಗಳು ಉಸಿರಾಡುತ್ತವೆ.

ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಪುಕ್ಕಟೆ ಅನ್ನುವುದೇ ನಮಗೆ ಸಾಕಾಗಿ ಹೋಗಿದೆ. ನಮ್ಮ ಮಹೋತ್ಸವದಲ್ಲಿ ಶಾಲು, ಹಾರ, ಪೇಟ, ಫಲಕಕ್ಕೆ ಅರುವತ್ತು ಸಾವಿರದ ಹತ್ತಿರ ಖರ್ಚಾಗಿದೆ. ಲೆಕ್ಕಪತ್ರ ನನ್ನ ಹತ್ತಿರವೇ ಇದೆ. ಅಕ್ಷರಕ್ಕೆ ಸೊನ್ನೆ. ನೂರಾರು ಆಕೃತಿಗಳನ್ನು ಒಂದೊಂದಾಗಿ ಬರೆದು, ಯಾವ ಒತ್ತು ಯಾವ ಅಕ್ಷರದ ಕೆಳಗೆ ಎಷ್ಟು ಸರಿಯಬೇಕು ಅಂತ ತೂಗಿ ಮಾಡುವ ಕೆಲಸ ತಿಂಗಳುಗಟ್ಟಲೆಯದ್ದು. ನಮಗೆ ಪುಕ್ಕಟೆ ಬಂದಿದೆ ಅಂದರೆ ಬೇರೆ ಯಾರೋ ಕೊಟ್ಟಿದ್ದಾರೆ ಅಂತ ಅರ್ಥ. ನಾಳೆ ಅವರಿಗೆ ಬೇಡ ಅನ್ನಿಸಿದರೆ ಕನ್ನಡದಲ್ಲಿ ಹೊಸ ಅಕ್ಷರ ಮಾಡಿಸುವವರು ಯಾರು? ಹತ್ತು ಸಂಘ ಸೇರಿ ಒಂದು ವರ್ಷದ ಹಾರ ಉಳಿಸಿದರೆ, ಒಂದು ಒಳ್ಳೆಯ ಪುಸ್ತಕದ ಅಕ್ಷರಕ್ಕೆ ಕೈಗೂಡಿಸಲು ಸಾಕು ಅಂತ ನನ್ನ ವಾದ. ಮನ್ನಣೆ ಬೇಕೆನ್ನುವವರಿಗೆ ಫಾಂಟಿಗೆ ಸಂಘದ ಹೆಸರೇ ಇಡೋಣ, ಏನಂತೆ.

ಇದನ್ನು ಹೇಳಿದಾಗ ನನ್ನ ಹಳೆಯ ಗೆಳೆಯನೊಬ್ಬ ಕೇಳಿದ: "ಅಕ್ಷರ ಚಂದ ಮಾಡಿ ಎಂತ ಮಾಡುದು? ಓದ್ಲಿಕ್ಕೆ ಯಾರಿದ್ದಾರೆ? ನಮ್ಮ ಮಕ್ಕಳು ಟೀಶರ್ಟಿನ ಮೇಲೆ ಕನ್ನಡ ಹಾಕಿಕೊಳ್ತಾರೆ, ಓದ್ಲಿಕ್ಕೆ ಬರುದಿಲ್ಲ."

ಮಾತಿನಲ್ಲಿ ಹುರುಳಿದೆ. ನನ್ನ ತಂಗಿಯ ಮಗಳು ಡಿಸೈನ್ ಕಲಿತವಳು, ಹುಟ್ಟಿ ಬೆಳೆದದ್ದು ಥಾಣೆ. ಮನೆಯಲ್ಲಿ ಮಾತು ಬರುತ್ತದೆ, ಓದು ಇಲ್ಲ. ಅವಳ ಕೊನೆಯ ವರ್ಷದ ಪ್ರಾಜೆಕ್ಟಿಗೆ ಕನ್ನಡ ಅಕ್ಷರ ಬರೆಯುತ್ತೇನೆ ಅಂದಾಗ ನನಗೂ ಒಳಗೊಳಗೆ ಸಿಟ್ಟೇ ಬಂದಿತ್ತು. ಓದಲಿಕ್ಕೆ ಬಾರದವಳು ಬರೆಯುವುದೆಂತ? ದೋಸೆಯ ರುಚಿ ಗೊತ್ತಿಲ್ಲದವನು ಕಾವಲಿ ಮಾಡಿದ ಹಾಗೆ. ಒಂದು ಭಾನುವಾರ ಅವಳು ಕಾಗದದ ಕಟ್ಟು ತಂದು ನನ್ನ ಮುಂದೆ ಹರಡಿದಳು. ಒಂದೇ "ಳ"ಕಾರ ನಲವತ್ತು ಸಲ. "ಮಾಮ, ಇದರ ಹೊಟ್ಟೆ ಎಷ್ಟು ದೊಡ್ಡ ಇರಬಹುದು?" ನಾನು ಅರುವತ್ತು ವರ್ಷದಿಂದ ಆ ಅಕ್ಷರ ಬರೆಯುತ್ತಿದ್ದೇನೆ, ಅದಕ್ಕೊಂದು ಹೊಟ್ಟೆ ಉಂಟು ಅಂತ ಅಂದೇ ನೋಡಿದ್ದು.

ಅವಳ ದಪ್ಪ ಅಕ್ಷರಗಳಲ್ಲಿ "ಕಥೆ" ಇತ್ತು. ನನಗೆ "ಕಧೆ" ಅಂತ ಕಂಡಿತು. ಥಕಾರದ ಒಳಗಿನ ಚುಕ್ಕಿ ದಪ್ಪದಲ್ಲಿ ಮುಚ್ಚಿಹೋಗಿತ್ತು. ಅವಳಿಗೆ ಅದು ಕಾಣಲಿಲ್ಲ, ಯಾಕಂದರೆ ಅವಳಿಗೆ ಎರಡೂ ಚಂದದ ಚಿತ್ರಗಳೇ. ತೋರಿಸಿದೆ. ಕೂತಲ್ಲೇ ಒಳಗಿನ ಜಾಗ ಅಗಲ ಮಾಡಿ ಬರೆದಳು, ಮತ್ತೆ ತೋರಿಸಿದಳು, ನಾನು ಮತ್ತೆ ಬೇಡ ಅಂದೆ. ಹೀಗೆ ಮಧ್ಯಾಹ್ನದವರೆಗೆ. ಅವಳಿಗೆ ಕೈ ಇದೆ, ನನಗೆ ಓದಿದ ಕಣ್ಣಿದೆ. ಎರಡೂ ಒಂದೇ ಮನೆಯಲ್ಲಿ ಇದ್ದೂ ಇಷ್ಟು ವರ್ಷ ಮಾತಾಡಿಕೊಂಡಿರಲಿಲ್ಲ. ಆ ಗೆಳೆಯನಿಗೆ ಇದನ್ನು ಹೇಳಿದೆ, ಅವನು ಪೂರ್ತಿ ಒಪ್ಪಲಿಲ್ಲ. ಅವಳು ಕನ್ನಡ ಪುಸ್ತಕ ಓದುವ ದಿನ ಹೇಳು ಅಂದ. ಆ ದಿನ ಇನ್ನೂ ಬಂದಿಲ್ಲ ಅನ್ನುವುದು ನಿಜ. ಬೋರ್ಡು ಓದುತ್ತಾಳೆ, ವಕಾರ ಪಕಾರದಲ್ಲಿ ತಡವರಿಸುತ್ತಾಳೆ.

ಒತ್ತಕ್ಷರಕ್ಕೆ ಜಾಗ ಬಿಡುತ್ತಿದ್ದ ಇನ್ನೊಬ್ಬರು ಇದ್ದರು, ಬೋರ್ಡು ಬರೆಯುವ ಪೇಂಟರುಗಳು. ಮಾಟುಂಗಾ, ಫೋರ್ಟು, ಕಲ್ಬಾದೇವಿಯ ಕಡೆ ನಮ್ಮ ಹೋಟೆಲುಗಳ ಬೋರ್ಡು, ಒಳಗಿನ "ಕೈ ತೊಳೆಯುವ ಸ್ಥಳ", "ಇಂದಿನ ವಿಶೇಷ" ಎಲ್ಲ ಕುಂಚದ ಕೆಲಸ. ಸಾಲು ಎಳೆಯುವ ಮೊದಲೇ ಶಬ್ದ ಓದಿ, ಒತ್ತು ಎಲ್ಲಿ ಬರುತ್ತದೆ ಅಂತ ನೋಡಿ ಜಾಗ ಬಿಡುತ್ತಿದ್ದರು. ಜಾಗ ಸಾಲದಿದ್ದರೆ ಒತ್ತನ್ನು ಬಳುಕಿಸಿ ಪಕ್ಕದ ಅಕ್ಷರದ ಅಡಿಯಲ್ಲಿ ಮಲಗಿಸುತ್ತಿದ್ದರು. ಯಾವ ಫಾಂಟಿಗೂ ಆ ಉಪಾಯ ಇನ್ನೂ ಪೂರ್ತಿ ಬಂದಿಲ್ಲ. ಉತ್ತರದ ಪೇಂಟರುಗಳ ಪುಣ್ಯ, ಅವರಿಗೆ ಹನೀಫ್ ಕುರೇಶಿ ಸಿಕ್ಕರು. ಹ್ಯಾಂಡ್‌ಪೇಂಟೆಡ್ ಟೈಪ್ ಅಂತ ಶುರುಮಾಡಿ, ಬೀದಿಬೀದಿಯ ಪೇಂಟರುಗಳ ಕೈಯನ್ನು ಅವರವರ ಹೆಸರಿನಲ್ಲೇ ಫಾಂಟ್ ಮಾಡಿಸಿದರು. ಪೇಂಟರ್ ಕಫೀಲ್, ಪೇಂಟರ್ ಉಮೇಶ್, ಹೀಗೆ. 2024ರಲ್ಲಿ ಅವರೂ ಹೋದರು, ಹೋಗುವ ವಯಸ್ಸೇ ಅಲ್ಲ. ಕನ್ನಡ ಬರೆಯುತ್ತಿದ್ದ ಮುಂಬಯಿಯ ಪೇಂಟರುಗಳನ್ನು ಹುಡುಕಿದವರು ನನಗೆ ಗೊತ್ತಿದ್ದ ಹಾಗೆ ಯಾರೂ ಇಲ್ಲ.

ಮೂರನೇ ಪುಟವನ್ನು ಮತ್ತೆ ಅಚ್ಚು ಹಾಕಿಸಿದೆವು. ಅಷ್ಟಕ್ಕೆ ಸಮಿತಿಯಲ್ಲಿ ಎರಡು ಸಭೆ ಬೇಕಾಯಿತು. ಈ ಸಲ ಕಾಗದದ ಮೇಲೆ ಪ್ರೂಫ್ ತೆಗೆಸಿ, ಮೇಜಿನ ಮೇಲೆ ಇಟ್ಟು, ಬೆರಳಿಟ್ಟು ಓದಿದೆ. ಹಾಳೆಯನ್ನು ಮುಲುಂಡಿಗೆ ಒಯ್ದೆ. ಅಮ್ಮ ಓದಿ, ಹಳೆಯ ಪುಟವನ್ನು ಹರಿಯುವುದು ಬೇಡ ಅಂದರು, ಅದರಲ್ಲೂ ಅವರ ಫೋಟೋ ಇದೆಯಲ್ಲ. ಎರಡೂ ಈಗ ಆ ಸಂಚಿಕೆಯೊಳಗೇ ಇವೆ.

ಮುಂದಿನ ತಿಂಗಳ ಮಹಾಸಭೆಯಲ್ಲಿ ಅಕ್ಷರಕ್ಕೆ ಅಂತ ಒಂದು ಬಾಬ್ತು ಇಡಲು ಪತ್ರ ಕೊಟ್ಟಿದ್ದೇನೆ. ಕೋಶಾಧಿಕಾರಿಯವರು "ಇದನ್ನು ಯಾವ ಖಾತೆಗೆ ಹಾಕುದು?" ಅಂತ ಫೋನ್ ಮಾಡಿದ್ದರು. ಅಷ್ಟರೊಳಗೆ ನಿಮ್ಮಲ್ಲಿ ಒಂದು ಕೇಳಿಕೆ: ನಿಮ್ಮ ಹೋಟೆಲಿನ, ಸಂಘದ, ದೇವಸ್ಥಾನದ ಕೈಬರಹದ ಹಳೆಯ ಕನ್ನಡ ಬೋರ್ಡು ಎಲ್ಲಾದರೂ ಅಟ್ಟದ ಮೇಲೆ ಇದ್ದರೆ, ಗುಜರಿಗೆ ಹಾಕುವ ಮೊದಲು ಹಗಲಿನ ಬೆಳಕಿನಲ್ಲಿ ನೇರ ಎದುರು ನಿಂತು ಒಂದು ಫೋಟೋ ತೆಗೆದಿಡಿ. ಬೋರ್ಡಿನ ಮೂಲೆಯಲ್ಲಿ ಪೇಂಟರನ ಸಹಿ ಇರುತ್ತದೆ, ಅದನ್ನೂ ಸೇರಿಸಿ.